ಪೆಟ್ಟು ತಿಂದ ಕಾರು ಮತ್ತು ಶ್ರಾವಕನ ವ್ರತ

ಕೊಳ್ಳುವ ಮುನ್ನ ಬೆಲೆಯನ್ನು ಕೇಳುವುದು ಲೋಕರೂಢಿ. ಬೆಲೆಯನ್ನು ಕೇಳುವ ಮುನ್ನ ತನ್ನ ಮನಸ್ಸನ್ನು ಕೇಳಿಕೊಳ್ಳುವುದು ಶ್ರಾವಕಧರ್ಮ. ರಾಯಬಾಗ, ಚಿಕ್ಕೋಡಿ, ಅಥಣಿಗಳ ಸೀಮೆಯಲ್ಲಿ ಕಬ್ಬಿನ ಬಿಲ್ಲು ಕೈಸೇರುವ ದಿನಗಳಲ್ಲಿ ಈ ಮಾತನ್ನು ನೆನೆಯಬೇಕಾದ ಸಂದರ್ಭಗಳು ಹಲವು. ಹಳೆಯ ವಾಹನಗಳ ಕೊಳುಕೊಡುಗೆ ನಡೆಯುವ ಕೊಲ್ಹಾಪುರ, ಸಾಂಗಲಿಗಳು ಇಲ್ಲಿಗೆ ದೂರವಲ್ಲ. ಎರಡೇ ಆಸನಗಳ, ನೆಲಕ್ಕೆ ತೀರ ಸಮೀಪವಾಗಿ ಓಡುವ ವಿದೇಶಿ ಸ್ಪೋರ್ಟ್ಸ್ ಕಾರೊಂದು ಹೊಸದರ ಬೆಲೆಯ ಅರ್ಧಕ್ಕೂ ಕಡಿಮೆ ಮೊತ್ತಕ್ಕೆ ದೊರೆಯುತ್ತದೆಂಬ ಸುದ್ದಿ ತರುಣನೊಬ್ಬನ ಕಿವಿಗೆ ಬೀಳುತ್ತದೆ ಎಂದಿಟ್ಟುಕೊಳ್ಳಬಹುದು. ಹಿಂದೆ ಒಮ್ಮೆ ಸಣ್ಣ ಪೆಟ್ಟಾಗಿತ್ತು, ಈಗ ಎಲ್ಲವೂ ಸರಿಯಾಗಿದೆ ಎಂಬುದು ಮಾರುವವನ ಮಾತು. "ಇಷ್ಟ ಅಗ್ಗಕ ಮತ್ತ ಸಿಗೂದಿಲ್ಲ, ಬಿಡಬ್ಯಾಡ" ಎಂದು ಗೆಳೆಯರು ಹೇಳುತ್ತಾರೆ. "ನಾಕ ಮಂದಿ ಕುಂಡ್ರಾಕ ಬರದ ಗಾಡಿ ಯಾಕ ಬೇಕಪಾ?" ಎಂದು ಮನೆಯ ಅಜ್ಜ ಕೇಳುತ್ತಾರೆ.

ಗೆಳೆಯರು ನೋಡಿದ್ದು ಬೆಲೆಯನ್ನು, ಅಜ್ಜ ನೋಡಿದ್ದು ಉಪಯೋಗವನ್ನು. ಎರಡೂ ಸತ್ಯದ ಒಂದೊಂದು ಮಗ್ಗುಲು ಮಾತ್ರ. ಇದು ಗ್ಯಾರೇಜಿನಲ್ಲಿ ತೀರ್ಮಾನವಾಗುವ ವಿಷಯವೆಂದು ಮೇಲುನೋಟಕ್ಕೆ ತೋರಿದರೂ, ಶ್ರಾವಕನ ಐದು ಅಣುವ್ರತಗಳಲ್ಲಿ ನಾಲ್ಕು ಈ ಒಂದು ವ್ಯವಹಾರದಲ್ಲಿಯೇ ಪರೀಕ್ಷೆಗೆ ಒಳಗಾಗುತ್ತವೆ.

ಮೊದಲನೆಯದು ಪರಿಗ್ರಹ ಪರಿಮಾಣ. ತತ್ತ್ವಾರ್ಥಸೂತ್ರವನ್ನು ರಚಿಸಿದ ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನ ಸಂಖ್ಯೆಯಿಂದ ಅಳೆಯಲಿಲ್ಲ. ವಸ್ತುವಿನಲ್ಲಿ ಮನಸ್ಸು ಮೂರ್ಛೆ ಹೋಗುವುದನ್ನೇ ಪರಿಗ್ರಹವೆಂದು ಕರೆದರು. ಹಾಗೆ ನೋಡಿದರೆ ಕಾರು ತಾನಾಗಿ ದೋಷಿಯಲ್ಲ. ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ಕೊಳ್ಳುವುದೂ ದೋಷವಲ್ಲ. ಹೊಸದಾಗಿ ಅದಿರನ್ನು ಅಗೆಸುವುದಕ್ಕಿಂತ, ಉಕ್ಕನ್ನು ಕರಗಿಸುವುದಕ್ಕಿಂತ ಅದು ಅಲ್ಪಾರಂಭದ ದಾರಿಯೂ ಆಗಬಹುದು. ಪ್ರಶ್ನೆ ಇರುವುದು ಮಿತಿಯಲ್ಲಿ. ವ್ರತದ ಮಿತಿಯನ್ನು ವಸ್ತುವನ್ನು ಕಾಣುವುದಕ್ಕೆ ಮೊದಲೇ ಹಾಕಿಕೊಳ್ಳಬೇಕು. ಹತ್ತು ಲಕ್ಷಕ್ಕಿಂತ ಹೆಚ್ಚು ವ್ಯಯಿಸಲಾರೆ ಎಂದುಕೊಂಡವನು ಕಾರಿನ ಬಣ್ಣವನ್ನು ಕಂಡೊಡನೆ ಹನ್ನೆರಡಕ್ಕೆ, ಅದರ ಸದ್ದನ್ನು ಕೇಳಿದೊಡನೆ ಹದಿನೈದಕ್ಕೆ ಏರಿದರೆ, ಮಿತಿಯನ್ನು ನಿರ್ಧರಿಸುತ್ತಿರುವವನು ಅವನಲ್ಲ, ಆ ಕಾರು. ಮೂರ್ಛೆಯೆಂದರೆ ಇದೇ.

ಮೂರ್ಛೆಗೊಂಡ ಕಣ್ಣು ಪೆಟ್ಟನ್ನು ಕಾಣಲಾರದು. ಎಲ್ಲ ಪೆಟ್ಟುಗಳೂ ಒಂದೇ ಬಗೆಯವಲ್ಲ ಎಂಬ ವಿವೇಕ ಇಲ್ಲಿ ಅಗತ್ಯ. ಬಂಪರು ಒಡೆದು ಬದಲಾಗಿರುವುದು, ಬಾಗಿಲಿನ ಗೀರಿಗೆ ಬಣ್ಣ ಬಳಿದಿರುವುದು ಮೇಲ್ಮೈಯ ಮಾತು. ಚಾಸಿ ಬಾಗಿರುವುದು, ಒಮ್ಮೆ ಸಿಡಿದ ಏರ್‌ಬ್ಯಾಗಿನ ಜಾಗದಲ್ಲಿ ಬರಿಯ ಮುಚ್ಚಳವಿರುವುದು, ಎಂಜಿನ್ ಮತ್ತು ತಂತಿಗಳ ಒಳಗೆ ನೀರು ಹೊಕ್ಕಿರುವುದು ಪ್ರಾಣದ ಮಾತು. ಕೃಷ್ಣೆಯ ತೀರದವರಿಗೆ ಈ ಕೊನೆಯದನ್ನು ವಿವರಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರಗಳಲ್ಲಿ ಕುಡಚಿಯಿಂದ ಸಾಂಗಲಿ, ಕೊಲ್ಹಾಪುರಗಳವರೆಗೆ ಮನೆಗಳೊಡನೆ ವಾಹನಗಳೂ ಮುಳುಗಿದ್ದವು. ನೀರು ಇಳಿದ ಮೇಲೆ ತೊಳೆದು ಒರಸಿದ ಕಾರು ಹೊರಗೆ ಥಳಥಳಿಸುತ್ತದೆ; ಸೀಟಿನ ಪಟ್ಟಿಯನ್ನು ಪೂರ್ತಿ ಎಳೆದು ನೋಡಿದರೆ ಅದರ ತುದಿಯಲ್ಲಿ ಕೆಸರಿನ ಕಲೆ, ನೆಲಹಾಸನ್ನು ಎತ್ತಿದರೆ ತುಕ್ಕು ಕಾಣಬಹುದು. ದುರಸ್ತಿಯ ಖರ್ಚು ವಿಮೆಯಲ್ಲಿ ನಮೂದಿಸಿದ ಮೌಲ್ಯದ ಶೇ. 75ನ್ನು ಮೀರಿದರೆ ವಿಮಾ ಕಂಪನಿಯು ವಾಹನವನ್ನು ಪೂರ್ಣನಷ್ಟವೆಂದೇ ಎಣಿಸುತ್ತದೆ. ಅಂಥ ವಾಹನವನ್ನು ಗುಜರಿಯ ಬೆಲೆಗೆ ಕೊಂಡು, ಸಿಂಗರಿಸಿ, ಮತ್ತೆ ರಸ್ತೆಗೆ ತರುವವರೂ ಉಂಟು. ವಸ್ತುವಿನ ಪರ್ಯಾಯ ಬದಲಾದೀತು. ಅದಕ್ಕೆ ಒದಗಿದ ಪೆಟ್ಟು ಬಣ್ಣದಿಂದ ಇಲ್ಲವಾಗದು.

ಇಲ್ಲಿ ಸತ್ಯ ಮತ್ತು ಅಚೌರ್ಯ ವ್ರತಗಳು ಎದುರಾಗುತ್ತವೆ. ಅಚೌರ್ಯಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಕಳ್ಳತನಕ್ಕೆ ಪ್ರೇರಣೆ ನೀಡುವುದು, ಕದ್ದ ವಸ್ತುವನ್ನು ಸ್ವೀಕರಿಸುವುದು, ರಾಜ್ಯದ ನಿಯಮವನ್ನು ಮೀರುವುದು, ತೂಕ ಮತ್ತು ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕೀಳು ವಸ್ತುವನ್ನು ಉತ್ತಮ ವಸ್ತುವಿನ ರೂಪದಲ್ಲಿ ಸಾಗಹಾಕುವುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖ, ಎಂದರೆ ಸುಳ್ಳು ಬರಹವೂ ಒಂದು. ಗಾಡಿಯ ಕಿಲೋಮೀಟರ್ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಸುಳ್ಳು ಅಳತೆಯಲ್ಲದೆ ಮತ್ತೇನು? ಸರ್ವಿಸ್ ದಾಖಲೆಯನ್ನು ತಿದ್ದುವುದು ಕೂಟಲೇಖ. ಮುರಿದುದಕ್ಕೆ ಬಣ್ಣ ಬಳಿದು ಅಖಂಡವೆಂದು ಮಾರುವುದು ಐದನೆಯ ಅತಿಚಾರ. ಎತ್ತಿನ ಬಂಡಿಯ ಕಾಲದಲ್ಲಿ ಹೇಳಿದ ದೋಷಗಳು ಇಂದಿನ ಸಂತೆಯಲ್ಲಿಯೂ ಹೆಸರು ಬದಲಿಸದೆ ನಿಂತಿವೆ.

ಇದೆಲ್ಲವೂ ಮಾರುವವನ ಪಾಪ, ಕೊಳ್ಳುವವನಿಗೇನು ಎಂದು ಕೇಳಬಹುದು. ಜೈನ ಕರ್ಮಸಿದ್ಧಾಂತ ಅಷ್ಟು ಸುಲಭವಾಗಿ ಬಿಡುಗಡೆ ನೀಡುವುದಿಲ್ಲ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು, ಈ ಕೃತ, ಕಾರಿತ, ಅನುಮೋದನೆಗಳು ಮೂರೂ ಆಸ್ರವಕ್ಕೆ ದಾರಿಗಳೇ. ಮೋಸ ಹೋದವನ ಮೇಲೆ ಈ ಹೊಣೆಯಿಲ್ಲ. ಆದರೆ ಪೆಟ್ಟಿನ ಗುಟ್ಟನ್ನು ತಿಳಿದು, ಅದನ್ನೇ ಹೇಳಿ ಬೆಲೆಯನ್ನು ಇಳಿಸಿ, ನಾಲ್ಕು ವರ್ಷಗಳ ನಂತರ ಅದೇ ಗುಟ್ಟನ್ನು ಮುಚ್ಚಿ ಇನ್ನೊಬ್ಬನಿಗೆ ದಾಟಿಸುವೆನೆಂದು ಎಣಿಸಿ ಕೊಳ್ಳುವವನು ಕೊಳ್ಳುವ ದಿನವೇ ಭಾವದಿಂದ ಮೋಸದಲ್ಲಿ ಪಾಲುಗಾರನಾಗಿದ್ದಾನೆ. ಮಹಾರಾಷ್ಟ್ರದ ನೋಂದಣಿಯ ಕಾರನ್ನು ತಂದು, ನಿರಾಕ್ಷೇಪಣಾ ಪತ್ರ, ಹೆಸರಿನ ಬದಲಾವಣೆ, ಕರ್ನಾಟಕದ ತೆರಿಗೆ ಯಾವುದನ್ನೂ ಮಾಡಿಸದೆ ಗಡಿಯ ಎರಡೂ ಕಡೆ ಓಡಿಸುವುದೂ ಜಾಣತನವಲ್ಲ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸುವ ವಾಹನಕ್ಕೆ ಅಲ್ಲಿಯ ನೋಂದಣಿಯನ್ನು 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯಗೊಳಿಸಿದೆ. ರಾಜ್ಯದ ನಿಯಮವನ್ನು ಮೀರುವುದು ವ್ರತಿಗೆ ಅತಿಚಾರವೇ.

ಈ ನಾಡಿನವರಿಗೆ ವ್ಯಾಪಾರದ ಆದರ್ಶವನ್ನು ದೂರದಲ್ಲಿ ಹುಡುಕುವ ಅಗತ್ಯವಿಲ್ಲ. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ಇದೇ ಸೀಮೆಯ ಭೋಜ ಗ್ರಾಮದ ಪಾಟೀಲರ ಮನೆತನದವರು. 1872ರಲ್ಲಿ ಜನಿಸಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟವರು. ಗೃಹಸ್ಥಾಶ್ರಮದಲ್ಲಿ ಸಾತಗೌಡರಾಗಿದ್ದಾಗ ಬಟ್ಟೆಯ ಅಂಗಡಿಯಲ್ಲಿ ಕುಳಿತಿರುತ್ತಿದ್ದ ಅವರು, ಬಂದ ಗಿರಾಕಿಗೆ ಬೇಕಾದ ಬಟ್ಟೆಯನ್ನು ತಾನೇ ಆರಿಸಿ, ಅಳೆದು ಕತ್ತರಿಸಿಕೊಂಡು ಲೆಕ್ಕ ಬರೆದಿಡುವಂತೆ ಹೇಳುತ್ತಿದ್ದರೆಂದು ಅವರ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಅಳತೆಗೋಲನ್ನು ಗಿರಾಕಿಯ ಕೈಗೇ ಕೊಟ್ಟ ಅಂಗಡಿಯಲ್ಲಿ ಬಚ್ಚಿಡುವುದಕ್ಕೆ ಏನು ಉಳಿದೀತು? ಕಾರು ಮಾರುವವನೂ ಕೊಳ್ಳುವವನೂ ನೆನೆಯಬೇಕಾದ ಅಂಗಡಿ ಅದು.

ಎಲ್ಲಕ್ಕಿಂತ ಗುರುತರವಾದುದು ಅಹಿಂಸಾವ್ರತ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆ ಎಂಬುದು ಆಗಮದ ತಿರುಳು. ಮುನಿಗಳು ಈರ್ಯಾಸಮಿತಿಯನ್ನು ಪಾಲಿಸುತ್ತ ನಾಲ್ಕು ಮೊಳದಷ್ಟು ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಗೃಹಸ್ಥನಿಂದ ಅಷ್ಟನ್ನು ಧರ್ಮ ಕೇಳುವುದಿಲ್ಲ. ಆದರೆ ಬಾಗಿದ ಚಾಸಿಯ ಮೇಲೆ, ವೇಗಕ್ಕಾಗಿಯೇ ನಿರ್ಮಿಸಿದ ಯಂತ್ರವನ್ನು, ಕಬ್ಬಿನ ಟ್ರ್ಯಾಕ್ಟರುಗಳೂ ಚಕ್ಕಡಿಗಳೂ ಶಾಲೆಯ ಮಕ್ಕಳೂ ಸಾಗುವ ರಾಯಬಾಗದ ರಸ್ತೆಗಳಲ್ಲಿ ತಿಳಿದೂ ತಿಳಿದೂ ಓಡಿಸುವುದು ಪ್ರಮಾದವಲ್ಲದೆ ಬೇರೆಯಲ್ಲ. ಉಳಿಸಿದ ಹಣದ ಲೆಕ್ಕದಲ್ಲಿ ಎದುರಿನಿಂದ ಬರುವವನ ಪ್ರಾಣ ಸೇರಿರುವುದಿಲ್ಲ. ಆ ಲೆಕ್ಕದ ದೊಡ್ಡ ತಪ್ಪು ಅದು.

ಹಾಗಾದರೆ ಪೆಟ್ಟು ತಿಂದ ಕಾರನ್ನು ಶ್ರಾವಕನು ಕೊಳ್ಳಲೇಬಾರದೆ? ಹಾಗೆ ಏಕಾಂತವಾಗಿ ನಿಷೇಧಿಸುವುದು ಅನೇಕಾಂತ ದೃಷ್ಟಿಗೆ ಒಪ್ಪುವುದಿಲ್ಲ. ಯಂತ್ರವನ್ನು ಬಲ್ಲವನು ದೋಷವನ್ನು ಪೂರ್ತಿಯಾಗಿ ಅರಿತು, ಸರಿಯಾಗಿ ದುರಸ್ತಿ ಮಾಡಿಸಿ, ತನ್ನ ಪರಿಮಾಣದೊಳಗೇ ಕೊಂಡರೆ ಅದರಲ್ಲಿ ತಪ್ಪಿಲ್ಲ. ಅದಕ್ಕೆ ನಡೆಯಬೇಕಾದ ವಿಧಾನವೂ ಕಠಿಣವಲ್ಲ. ಕಾರನ್ನು ಮಾರುವವನಿಗೆ ಸಂಬಂಧಪಡದ ಮೆಕ್ಯಾನಿಕನ ಬಳಿ ಒಯ್ದು, ಮೇಲೆತ್ತಿಸಿ, ಅಡಿಯನ್ನು ನೋಡಿಸಬೇಕು. ವಿಮೆಯ ಹಿಂದಿನ ಕ್ಲೇಮುಗಳ ದಾಖಲೆಯನ್ನು ಕೇಳಬೇಕು. ಆದ ಪೆಟ್ಟನ್ನು, ಮಾಡಿಸಿದ ದುರಸ್ತಿಯನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವವನ ಮುಂದೆ ಎದ್ದು ಬರಲು ಸಂಕೋಚವೇಕೆ? ಎಲ್ಲವೂ ಸರಿಯೆನಿಸಿದ ಮೇಲೂ ಮುಂಗಡವನ್ನು ಕೊಡದೆ ಕೆಲವು ದಿನ ಸಾಮಾಯಿಕದಲ್ಲಿ ಕುಳಿತು ನೋಡಬೇಕು. ಅಗತ್ಯವು ಆ ದಿನಗಳನ್ನು ದಾಟಿ ಉಳಿಯುತ್ತದೆ. ರಾಗವು ಬಹುಮಟ್ಟಿಗೆ ಅಷ್ಟರಲ್ಲೇ ಇಳಿಯುತ್ತದೆ.

ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ. ಈ ಕಾರಿನ ವಿಷಯದಲ್ಲಿ ತಿಳಿದದ್ದೆಲ್ಲವನ್ನೂ ನಾಳೆ ಕೊಳ್ಳುವವನಿಗೆ, ಇಂದು ಪಕ್ಕದ ಆಸನದಲ್ಲಿ ಕುಳಿತುಕೊಳ್ಳುವವಳಿಗೆ ಮರೆಯಿಲ್ಲದೆ ಹೇಳಲು ಸಾಧ್ಯವೇ? ಸಾಧ್ಯವಾದರೆ, ಮಿತಿಯೂ ಅನುಮತಿಸಿದರೆ, ಕೊಳ್ಳಬಹುದು. ಹೇಳಲಾಗದ ಒಂದು ಮಾತು ಉಳಿದಿದ್ದರೂ, ಎಷ್ಟೇ ಅಗ್ಗವಾಗಿ ದೊರೆತರೂ ಅದು ತುಟ್ಟಿಯ ಕಾರು.