ಅನ್ಯಭಾಷಾ ಬೋಧನೆಯಲ್ಲಿ ವಿದ್ಯಾರ್ಥಿಯ ಸ್ಥಾನ

ಭಾಷೆಯನ್ನು ಕಲಿಯತಕ್ಕವನು ವಿದ್ಯಾರ್ಥಿ, ಕಲಿಸತಕ್ಕವನು ಉಪಾಧ್ಯಾಯ, ಪುಸ್ತಕವು ಇವರಿಬ್ಬರಿಗೂ ಒದಗುವ ಒಂದು ಸಾಧನ. ಇದು ಎಲ್ಲರೂ ಬಾಯಲ್ಲಿ ಒಪ್ಪುವ ಮಾತು. ಆದರೆ ನಮ್ಮ ಪಾಠಶಾಲೆಗಳಲ್ಲಿ ನಡೆಯುತ್ತಿರುವುದನ್ನು ನೋಡಿದರೆ ಈ ಕ್ರಮವು ತಲೆಕೆಳಗಾಗಿದೆಯೆಂದು ಹೇಳದೆ ವಿಧಿಯಿಲ್ಲ. ಅಲ್ಲಿ ಪುಸ್ತಕವೇ ಯಜಮಾನ. ಉಪಾಧ್ಯಾಯನು ಅದರ ಪಾರುಪತ್ಯಗಾರ. ವಿದ್ಯಾರ್ಥಿಯಾದರೋ ಇಬ್ಬರ ಆಜ್ಞೆಯನ್ನೂ ಹೊತ್ತು ನಡೆಯುವ ಆಳು. ಅನ್ಯಭಾಷೆಯನ್ನು ಕಲಿಸುವ ತರಗತಿಯಲ್ಲಿ ಈ ವಿಪರ್ಯಾಸವು ಮಾಡುತ್ತಿರುವ ಹಾನಿಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಗ್ಗೆಯ ಸುತ್ತಣ ಮಲೆನಾಡಿನಲ್ಲಿ ಈ ಪ್ರಶ್ನೆಗೆ ಎರಡು ಮುಖಗಳುಂಟು. ಇಲ್ಲಿನ ಕನ್ನಡದ ಮಕ್ಕಳಿಗೆ ಇಂಗ್ಲಿಷು ದ್ವಿತೀಯ ಭಾಷೆ. ಕಾಫಿ ತೋಟಗಳ ಲೈನುಮನೆಗಳಲ್ಲಿ ಬೆಳೆಯುವ ಎಷ್ಟೋ ಮಕ್ಕಳಿಗೆ ಮನೆಮಾತು ತಮಿಳು, ತುಳು ಅಥವಾ ಮಲೆಯಾಳ. ಈಚಿನ ವರ್ಷಗಳಲ್ಲಿ ಅಸ್ಸಾಮಿನ ಕಡೆಯಿಂದ ಕೂಲಿಗೆ ಬಂದವರ ಮಕ್ಕಳೂ ಇವರೊಡನೆ ಸೇರಿದ್ದಾರೆ. ಇವರಿಗೆ ಕನ್ನಡವೇ ದ್ವಿತೀಯ ಭಾಷೆ. ಮೊದಲನೆಯವರು ಇಂಗ್ಲಿಷಿನ ಮುಂದೆ ಹೇಗೆ ಬಾಯಿ ಕಟ್ಟಿ ಕೂರುವರೋ ಎರಡನೆಯವರು ಕನ್ನಡದ ಮುಂದೆ ಹಾಗೆಯೇ ಕೂರುತ್ತಾರೆ. ರೋಗವು ಒಂದೇ, ರೋಗಿಗಳು ಇಬ್ಬರು. ಆದರೂ ಮಗನ ಇಂಗ್ಲಿಷಿಗಾಗಿ ಕಳವಳಪಡುವ ತಂದೆತಾಯಿಗಳು ಸಾವಿರ ಮಂದಿಯಿದ್ದಾರೆ; ಲೈನುಮನೆಯ ಮಗುವಿನ ಕನ್ನಡಕ್ಕಾಗಿ ಕಳವಳಪಡುವವರು ಯಾರು?

ನಮ್ಮ ಸರ್ಕಾರೀ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದರು. ಎಂದಮೇಲೆ ಎಸ್.ಎಸ್.ಎಲ್.ಸಿ. ಮುಗಿಸುವ ಹುಡುಗನು ಹತ್ತು ವರ್ಷಗಳ ಕಾಲ ಆ ಭಾಷೆಯ ಸಹವಾಸದಲ್ಲಿದ್ದಂತಾಯಿತು. ಹತ್ತು ವರ್ಷ ಒಂದು ಊರಿನಲ್ಲಿ ವಾಸಮಾಡಿದವನು ಅಲ್ಲಿನ ದಾರಿ ತಿಳಿಯದೆ ನಿಂತರೆ ನಾವು ಬೆರಗಾಗುತ್ತೇವೆ. ಆದರೆ ಹತ್ತು ವರ್ಷ ಇಂಗ್ಲಿಷು ಓದಿದವನು ಆಸ್ಪತ್ರೆಯ ಚೀಟಿಯೊಂದನ್ನು ಓದಲಾರದೆ ನಿಂತರೆ ನಮಗೆ ಬೆರಗಾಗುವುದಿಲ್ಲ! ಪಾಠದ ಕ್ರಮವೇ ಹಾಗಿದೆ. ಉಪಾಧ್ಯಾಯರು ಪುಸ್ತಕದ ವಾಕ್ಯವನ್ನು ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ. ಮಕ್ಕಳು ಅವನ್ನು ನಕಲುಮಾಡಿ ಉರು ಹೊಡೆಯುತ್ತಾರೆ. ಪ್ರಶ್ನೆಯಲ್ಲಿ ಒಂದು ಪದ ಬದಲಾದರೆ ಉತ್ತರವು ದಿಕ್ಕೆಡುತ್ತದೆ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ ಮೀಸಲಾಗಿರುವಾಗ, ಮಾತನಾಡಲು ಬಾರದ ಹುಡುಗನೂ ಉತ್ತೀರ್ಣನಾಗುವುದಕ್ಕೆ ಏನೂ ಅಡ್ಡಿಯಿಲ್ಲ. ಇದು ವಿದ್ಯೆಯಲ್ಲ, ಗಿಣಿಪಾಠ.

ಈ ದೋಷವನ್ನು ಉಪಾಧ್ಯಾಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ಪಾಠಗಳನ್ನು ಗೊತ್ತಾದ ದಿನಕ್ಕೆ ಮುಗಿಸಬೇಕೆಂಬ ಒತ್ತಾಯ, ಫಲಿತಾಂಶದ ಭಯ, ಒಬ್ಬರೇ ಎರಡು ಮೂರು ತರಗತಿಗಳನ್ನು ನೋಡಿಕೊಳ್ಳಬೇಕಾದ ಕಷ್ಟ, ಇವು ಅವರ ಕೈಗಳನ್ನು ಕಟ್ಟಿಹಾಕಿವೆ. ತಪ್ಪಿರುವುದು, ಭಾಷೆಯನ್ನು ಮೊದಲು ನಿಯಮವಾಗಿ ಕಲಿತು ಬಳಿಕ ಬಳಸಬೇಕೆಂಬ ನಂಬಿಕೆಯಲ್ಲಿ. ನಮ್ಮ ಶಾಸ್ತ್ರಕಾರರಿಗೆ ಈ ಭ್ರಮೆಯಿರಲಿಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಸೂತ್ರಗಳನ್ನು ಹೇಳಿದನು. ಲಕ್ಷ್ಯವು ಮೊದಲು, ಲಕ್ಷಣವು ಆಮೇಲೆ. ಮಗುವಿಗೆ ಮಾತ್ರ ನಾವು ಲಕ್ಷ್ಯವಿಲ್ಲದ ಲಕ್ಷಣವನ್ನು ಉಣಬಡಿಸುತ್ತಿದ್ದೇವೆ.

ಇದಕ್ಕೆ ಬದಲಾದ ಮಾರ್ಗವನ್ನು ಹುಡುಕಲು ಸಮುದ್ರವನ್ನು ದಾಟಬೇಕಾಗಿಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಇದಕ್ಕೆ ನೆರವಾಯಿತು. ಭಾಷಾಬೋಧಕರ ಲೋಕದಲ್ಲಿ ಅದು ‘ಬೆಂಗಳೂರು ಪ್ರಯೋಗ’ವೆಂದೇ ಪ್ರಸಿದ್ಧವಾಗಿದೆ. ಅದರ ವಿವರಗಳು 1987ರಲ್ಲಿ ಗ್ರಂಥರೂಪವಾಗಿ ಪ್ರಕಟವಾದುವು. ಅಲ್ಲಿ ವ್ಯಾಕರಣದ ಪಟ್ಟಿಯಿರಲಿಲ್ಲ, ಪದಗಳ ಪಟ್ಟಿಯಿರಲಿಲ್ಲ. ಇದ್ದುದು ಬಿಡಿಸಬೇಕಾದ ಸಮಸ್ಯೆಗಳು. ರೈಲಿನ ವೇಳಾಪಟ್ಟಿಯನ್ನು ಕೊಟ್ಟು, ಇಂತಹ ಹೊತ್ತಿಗೆ ಇಂತಹ ಊರನ್ನು ಸೇರಬೇಕಾದವನು ಯಾವ ಗಾಡಿ ಹತ್ತಬೇಕೆಂದು ಕೇಳುವುದು. ನಕ್ಷೆಯನ್ನು ಕೊಟ್ಟು ದಾರಿ ಹೇಳಿಸುವುದು. ಉಪಾಧ್ಯಾಯರು ಮೊದಲು ಇಂತಹ ಒಂದು ಸಮಸ್ಯೆಯನ್ನು ತರಗತಿಯೆಲ್ಲದರೊಡನೆ ಇಂಗ್ಲಿಷಿನಲ್ಲಿ ಬಿಡಿಸುವರು. ಅದನ್ನೇ ಹೋಲುವ ಮತ್ತೊಂದನ್ನು ಮಕ್ಕಳು ತಾವೇ ಬಿಡಿಸುವರು. ಮಗುವಿನ ಮನಸ್ಸು ಉತ್ತರದ ಕಡೆಗೆ ಹೋದಾಗ ಭಾಷೆಯು ಹಿಂದಿನಿಂದ ತಾನಾಗಿ ಬರುತ್ತದೆಂಬುದು ಪ್ರಭು ಅವರ ಸಿದ್ಧಾಂತ. ಹೊರಗಿನಿಂದ ಬಂದ ಪರೀಕ್ಷಕರು ಫಲವನ್ನು ಅಳೆದು, ಅರ್ಥದ ಕಡೆ ಗಮನವಿಟ್ಟು ಕಲಿತ ಮಕ್ಕಳಿಗೂ ವ್ಯಾಕರಣವು ಒಲಿಯಬಲ್ಲುದೆಂಬ ವಾದಕ್ಕೆ ಎಚ್ಚರಿಕೆಯ ಬೆಂಬಲವನ್ನು ಕೊಟ್ಟರು. ಅವರು ಪೂರ್ಣವಾದ ಜಯಪತ್ರವನ್ನು ಬರೆದುಕೊಡಲಿಲ್ಲವೆಂಬುದು ನಿಜ. ಆದರೆ ಉರು ಹೊಡೆಸುವ ಪದ್ಧತಿಗೆ ಅಷ್ಟು ಬೆಂಬಲವನ್ನು ಯಾವ ಪರೀಕ್ಷಕರು ಕೊಟ್ಟಿದ್ದಾರೆ?

ಇಂತಹ ಪಾಠಕ್ಕೆ ಬೇಕಾದ ಸಾಮಗ್ರಿಯು ಮಗ್ಗೆಯ ಮಗುವಿನ ಮನೆಯಂಗಳದಲ್ಲಿಯೇ ಇದೆ. ಒಬ್ಬ ಹೆಂಗಸು ಬೆಳಗ್ಗೆ 42 ಕಿಲೋ, ಮಧ್ಯಾಹ್ನ 38 ಕಿಲೋ ಕಾಫಿ ಹಣ್ಣು ಕೊಯ್ದಳೆಂದೂ ಕಿಲೋ ಒಂದಕ್ಕೆ 5 ರೂಪಾಯಿ ಕೂಲಿಯೆಂದೂ ಇಟ್ಟುಕೊಳ್ಳೋಣ. ಸಂಜೆ ಅವಳಿಗೆ ಬರಬೇಕಾದುದೆಷ್ಟು? ಲೆಕ್ಕದ ಪುಸ್ತಕದಲ್ಲಿ 380 ರೂಪಾಯಿ ಎಂದಿದ್ದರೆ ಅವಳು ಏನೆಂದು ಕೇಳಬೇಕು? ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷಿನ ಪಾಠ. ಲೈನುಮನೆಯ ಮಗುವಿಗೆ ಕನ್ನಡದಲ್ಲಿ ಕೇಳಿದರೆ ಕನ್ನಡದ ಪಾಠ. ಇಪ್ಪತ್ತು ರೂಪಾಯಿ ಎಲ್ಲಿ ಹೋಯಿತೆಂದು ಕೇಳಲು ಕಲಿತ ಮಗುವು ಭಾಷೆಯೊಡನೆ ಅದರ ಪ್ರಯೋಜನವನ್ನೂ ಕಲಿಯಿತು. ಹಾಸನಕ್ಕೆ ಹೋಗುವ ಬಸ್ಸಿನ ವೇಳೆ, ಕಣದಲ್ಲಿ ಕಾಫಿ ಒಣಗಲು ಬೇಕಾದ ದಿನಗಳು, ಆನೆ ಬಂದಿದೆಯೆಂಬ ಸೂಚನೆ, ಇವೆಲ್ಲವೂ ಪಾಠವಾಗಬಲ್ಲುವು. ಇದಕ್ಕೆ ಬೇಕಾದುದು ಕರಿಹಲಗೆ, ಸೀಮೆಸುಣ್ಣ ಮತ್ತು ಯೋಚನೆ.

ಇನ್ನು ಆಕ್ಷೇಪಣೆಗಳನ್ನು ಪರಿಶೀಲಿಸೋಣ. ವ್ಯಾಕರಣವನ್ನು ಬಿಟ್ಟರೆ ಮಕ್ಕಳು ತಪ್ಪುತಪ್ಪಾಗಿ ಮಾತನಾಡುವರೆಂಬುದು ಮೊದಲನೆಯದು. ಮಾತನಾಡುವರು; ನಿಜ. ಮನೆಯಲ್ಲಿ ಮಗುವು ತೊದಲಿದಾಗ ತಾಯಿಯು ನಿಯಮ ಹೇಳುವುದಿಲ್ಲ. ಅದೇ ಮಾತನ್ನು ಸರಿಯಾಗಿ ತಾನೊಮ್ಮೆ ಆಡುತ್ತಾಳೆ. ಹಾಡುತ್ತ ಹಾಡುತ್ತ ರಾಗವೆಂಬ ಗಾದೆ ನಮ್ಮದೇ. ಬಾಯಿ ಬಿಟ್ಟವನ ತಪ್ಪನ್ನು ತಿದ್ದಬಹುದು, ಬಾಯಿ ಬಿಡದವನದನ್ನು ತಿದ್ದುವುದೆಂತು? ಮಾತು ಕೈಗೆ ಬಂದಮೇಲೆ ಮೇಲಿನ ತರಗತಿಗಳಲ್ಲಿ ವ್ಯಾಕರಣವನ್ನು ಓದಲಿ; ಆಗ ಅದು ರುಚಿಸೀತು.

ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದರೆ ಈ ತೊಡಕೇ ಇರುವುದಿಲ್ಲವೆಂಬುದು ಎರಡನೆಯದು. ಇದು ವಿದ್ಯಾವಂತ ಕುಟುಂಬಗಳಲ್ಲಿಯೇ ಹೆಚ್ಚಾಗಿ ಕೇಳಿಬರುತ್ತದೆ. ಆದರೆ ಇಂಗ್ಲಿಷಿನಲ್ಲಿ ಉರು ಹೊಡೆಸಿದ ವಿಜ್ಞಾನವು ವಿಜ್ಞಾನವೂ ಅಲ್ಲ, ಇಂಗ್ಲಿಷೂ ಅಲ್ಲ. ಮಾಧ್ಯಮವನ್ನು ಬದಲಾಯಿಸಿ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡರೆ, ಒಂದು ವಿಷಯದಲ್ಲಿದ್ದ ಗಿಣಿಪಾಠವು ಎಲ್ಲ ವಿಷಯಗಳಿಗೂ ಹರಡಿದಂತಾಗುವುದಷ್ಟೆ.

ಮೂರನೆಯದು, ವಿದ್ಯಾರ್ಥಿಯೇ ಕೇಂದ್ರವೆಂದರೆ ತರಗತಿಯು ಸಂತೆಯಾಗುವುದೆಂಬ ಹೆದರಿಕೆ. ಇದಕ್ಕೆ ಕಾರಣವಾದವರು ಆ ಪಕ್ಷದ ಅತ್ಯುತ್ಸಾಹಿಗಳೇ. ಮಕ್ಕಳನ್ನು ಗುಂಪಾಗಿ ಕೂರಿಸಿ ಬಣ್ಣದ ಕಾಗದಗಳನ್ನು ಹಂಚಿದರೆ ಕೆಲಸ ಮುಗಿಯಿತೆಂದು ಅವರು ತಿಳಿದಿದ್ದಾರೆ. ಪ್ರಭು ಅವರು ಗುಂಪುಕೆಲಸಕ್ಕಿಂತ ಉಪಾಧ್ಯಾಯರು ನಡೆಸುವ ಸಂಭಾಷಣೆಗೂ ಪ್ರತಿಯೊಬ್ಬ ಹುಡುಗನ ಸ್ವಂತ ಪ್ರಯತ್ನಕ್ಕೂ ಹೆಚ್ಚಿನ ಬೆಲೆ ಕೊಟ್ಟರು. ಭಾಷೆ ಬಾರದವರು ಭಾಷೆ ಬಾರದವರಿಂದಲೇ ಕಲಿಯುವುದೆಂತು? ವಿದ್ಯಾರ್ಥಿಯನ್ನು ಕೇಂದ್ರದಲ್ಲಿರಿಸುವುದೆಂದರೆ ಉಪಾಧ್ಯಾಯನನ್ನು ಮೂಲೆಗೆ ತಳ್ಳುವುದಲ್ಲ. ಇಂದು ಈ ಮಗುವಿಗೆ ಎಷ್ಟು ತಿಳಿಯಿತೆಂಬುದನ್ನು ನೋಡಿ ನಾಳಿನ ಪಾಠವನ್ನು ಗೊತ್ತುಮಾಡುವುದು.

ಕನ್ನಡದ ವಿಷಯವಾಗಿ ಒಂದು ಮಾತು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯಗೊಳಿಸಿತು. ಒಳ್ಳೆಯದೇ ಆಯಿತು. ಆದರೆ ಕಾಯಿದೆಯು ಮಗುವನ್ನು ಬೆಂಚಿನ ಮೇಲೆ ಕೂರಿಸಬಲ್ಲುದು. ಬಾಯಿಗೆ ಮಾತನ್ನು ತರಲಾರದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಅವರಿಗೆ ಕನ್ನಡವು ಒಲಿದುದು ಕಡ್ಡಾಯದಿಂದಲ್ಲ. ಬೀದಿಯಲ್ಲಿಯೂ ಗೆಳೆಯರ ನಡುವೆಯೂ ಅದು ಅವರ ಬದುಕಿನೊಳಗೆ ಬಂದು ಸೇರಿತು. ಅವರು ಪ್ರತಿಭಾವಂತರು, ಎಲ್ಲರೂ ಹಾಗಲ್ಲವೆಂದು ಹೇಳಬಹುದು. ಕಾವ್ಯಕ್ಕೆ ಪ್ರತಿಭೆ ಬೇಕು. ಮಾತಿಗೆ ಬೇಕಾದುದು ಮಾತನಾಡುವ ಅವಕಾಶ ಮಾತ್ರ. ಆ ಅವಕಾಶವನ್ನು ಲೈನುಮನೆಯ ಮಗುವಿಗೆ ಕೊಡದೆ, ಕನ್ನಡವನ್ನು ಉಳಿಸಿರೆಂದು ವೇದಿಕೆಯ ಮೇಲೆ ಘೋಷಿಸುವುದು ನಾಚಿಕೆಯ ವಿಷಯ.

2009ರ ಶಿಕ್ಷಣ ಹಕ್ಕಿನ ಕಾಯಿದೆಯ 29ನೆಯ ಪ್ರಕರಣವು, ಕಲಿಕೆಯು ಚಟುವಟಿಕೆ ಮತ್ತು ಅನ್ವೇಷಣೆಗಳ ಮೂಲಕ ಮಗುವನ್ನೇ ಕೇಂದ್ರವಾಗಿಟ್ಟುಕೊಂಡು ನಡೆಯಬೇಕೆಂದು ಹೇಳಿದೆ. ಆದುದರಿಂದ ನಾವು ಕೇಳುತ್ತಿರುವುದು ಹೊಸ ವರವನ್ನಲ್ಲ, ಬರೆದಿಟ್ಟ ಮಾತನ್ನು ನಡೆಸಿರೆಂಬುದನ್ನು. ಪರೀಕ್ಷಾಧಿಕಾರಿಗಳು ಮಾತಿಗೆ ಅಂಕವಿಡಲಿ. ಪುಸ್ತಕದಲ್ಲಿಲ್ಲದ ಪ್ರಶ್ನೆಯನ್ನು ಕೇಳಲಿ. ಇಲಾಖೆಯವರು ಪಾಠ ಮುಗಿಯಿತೇ ಎಂದು ಕೇಳುವ ಬದಲು ಮಕ್ಕಳಿಗೆ ಏನು ಬಂತೆಂದು ಕೇಳಲಿ. ಸಾಹಿತ್ಯಾಭಿಮಾನಿಗಳು ವಾರಕ್ಕೊಂದು ಸಂಜೆ ತೋಟದ ಮಕ್ಕಳೊಡನೆ ಕುಳಿತು ಕನ್ನಡದಲ್ಲಿ ಮಾತನಾಡಲಿ. ತಂದೆತಾಯಿಗಳು ಅಂಕಪಟ್ಟಿಯನ್ನು ಮಡಿಸಿಟ್ಟು, ಮಗುವು ಆ ಭಾಷೆಯಲ್ಲಿ ಒಂದು ಪ್ರಶ್ನೆಯನ್ನು ತಾನಾಗಿ ಕೇಳಬಲ್ಲುದೇ ಎಂದು ನೋಡಲಿ. ಕೇಳಬಲ್ಲುದಾದರೆ ಶಾಲೆಯು ಭಾಷೆಯನ್ನು ಕಲಿಸಿದೆ. ಇಲ್ಲವಾದರೆ 100ಕ್ಕೆ 100 ಬಂದಿದ್ದರೂ ಕಲಿಸಿಲ್ಲ.