‘ಲೈನ್ ಫುಲ್’ ಅಂತಾರೆ, ಲೆಕ್ಕ ಎಲ್ಲಿದೆ? ಕರೆಂಟ್ ಸಾಗೋ ದಾರಿ ಮೇಲೆ ನಮಗೂ ಹಕ್ಕಿದೆ

ತುಮಕೂರು: ಪಾವಗಡದ ತಿರುಮಣಿ ಕಡೆ ಹೋದವರು ನೋಡಿರ್ತೀರಿ. ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಫಲಕಗಳು, ನಡುವೆ ಸಾಲಾಗಿ ನಿಂತ ಟವರ್‌ಗಳು. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಜಮೀನು ನಮ್ಮ ರೈತರದ್ದೇ, ಗುತ್ತಿಗೆಗೆ ಕೊಟ್ಟಿದ್ದಾರೆ. ಇಷ್ಟೆಲ್ಲ ನಮ್ಮ ಜಿಲ್ಲೆಯಲ್ಲೇ ಇದ್ದರೂ, ಇಲ್ಲಿನ ಒಬ್ಬ ರೈಸ್ ಮಿಲ್‌ನವರೋ ಹುಣಸೆ ಕೋಲ್ಡ್ ಸ್ಟೋರೇಜ್‌ನವರೋ ‘ಯಾವುದಾದರೂ ಸೋಲಾರ್ ಕಂಪನಿಯಿಂದ ನೇರವಾಗಿ ಕರೆಂಟ್ ಕೊಂಡು ಸರ್ಕಾರಿ ಲೈನ್ ಮೇಲೆ ತರಿಸಿಕೊಳ್ಳಬಹುದಾ?’ ಅಂತ ಕೇಳಿದರೆ ಸ್ಪಷ್ಟ ಉತ್ತರ ಸಿಗೋದು ಕಷ್ಟ.

ಕಾನೂನಿನ ಪ್ರಕಾರ ಉತ್ತರ ಸರಳ: ತರಿಸಿಕೊಳ್ಳಬಹುದು. 2003ರ ವಿದ್ಯುತ್ ಕಾಯ್ದೆ ಇದಕ್ಕೆ ‘ಓಪನ್ ಆಕ್ಸೆಸ್’ ಅನ್ನುತ್ತೆ. ಬಾಡಿಗೆ ಕಟ್ಟಿದರೆ ಲೈನನ್ನ ಯಾರು ಬೇಕಾದರೂ ಬಳಸಬಹುದು, ಅವರು ಇವರು ಅಂತ ಭೇದ ಮಾಡೋ ಹಾಗಿಲ್ಲ. ಆದರೆ ಲೈನಲ್ಲಿ ಎಷ್ಟು ಜಾಗ ಇದೆ, ಯಾರು ಕೇಳಿದರು, ಯಾರಿಗೆ ಸಿಕ್ಕಿತು, ಯಾರಿಗೆ ಯಾಕೆ ಸಿಗಲಿಲ್ಲ ಅನ್ನೋ ಲೆಕ್ಕ ಹೊರಗೆ ಬರದೆ ಈ ಹಕ್ಕನ್ನ ಚಲಾಯಿಸೋದು ಹೇಗೆ? ಇವತ್ತಿನ ಸಮಸ್ಯೆ ಇರೋದು ಇಲ್ಲೇ.

ನೀರುಗಂಟಿ ಇದ್ದ ಹಾಗೆ

ನಮ್ಮ ಕಡೆ ಕೆರೆ ನೀರಾವರಿ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕೆರೆ ನೀರು ಊರಿಗೆಲ್ಲ ಸೇರಿದ್ದು. ತೂಬು ಎತ್ತೋದು, ಸರದಿ ಪ್ರಕಾರ ಗದ್ದೆಗೆ ನೀರು ಬಿಡೋದು ನೀರುಗಂಟಿ. ಅವನೇ ತನ್ನ ಗದ್ದೆಗೆ ಮೊದಲು ನೀರು ಹಾಯಿಸಿಕೊಂಡರೆ ಕೊನೇ ಗದ್ದೆಯವನ ಪಾಡೇನು? ಸರದಿ ಎಲ್ಲರಿಗೂ ಗೊತ್ತಿದ್ದರೆ ಮಾತ್ರ ಜಗಳ ಇರಲ್ಲ.

ವಿದ್ಯುತ್ ಕಾಯ್ದೆಯೂ ಇದೇ ದಾರಿ ಹಿಡಿದಿದೆ. ನಮ್ಮ ರಾಜ್ಯದಲ್ಲಿ ದೊಡ್ಡ ಲೈನ್‌ಗಳು ಕೆಪಿಟಿಸಿಎಲ್‌ದು. ಯಾವ ಲೈನಲ್ಲಿ ಎಷ್ಟು ಕರೆಂಟ್ ಹರೀಬೇಕು ಅಂತ ನೋಡಿಕೊಳ್ಳೋದು ಬೆಂಗಳೂರಿನ ಎಸ್‌ಎಲ್‌ಡಿಸಿ. ಇಬ್ಬರೂ ಕರೆಂಟ್ ವ್ಯಾಪಾರ ಮಾಡುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ.

ತೊಡಕಿರೋದು ಅದರ ಕೆಳಗಿನ ಮೆಟ್ಟಿಲಲ್ಲಿ. ನಿಮ್ಮ ಮಿಲ್ಲಿಗೆ ಬರೋ 11 ಕೆವಿ ಲೈನ್ ಎಸ್ಕಾಂದು, ನಮ್ಮ ಜಿಲ್ಲೆಯಲ್ಲಿ ಬೆಸ್ಕಾಂದು. ಕರೆಂಟ್ ಮಾರೋರೂ ಅವರೇ. ನೀವು ಓಪನ್ ಆಕ್ಸೆಸ್‌ಗೆ ಹೋದರೆ ಅವರಿಗೆ ಒಳ್ಳೆ ಗಿರಾಕಿ ಕೈತಪ್ಪಿದ ಹಾಗೆ. ಹಾಗಂತ ಅವರ ಮೇಲೆ ಅನುಮಾನ ಪಡಬೇಕಿಲ್ಲ. ವ್ಯವಸ್ಥೆ ಇರೋದೇ ಹೀಗೆ. ಅದಕ್ಕೇ ಲೆಕ್ಕ ಹೊರಗಿಡೋದು ಇಲ್ಲಿ ಇನ್ನೂ ಮುಖ್ಯ.

ಲೆಕ್ಕ ಕೊಡಬೇಕು ಅಂತ ಎಲ್ಲಿದೆ?

ಅಮೆರಿಕದವರು ಈ ಕೆಲಸ 1996ರಲ್ಲೇ ಮಾಡಿದರು. ಅಲ್ಲಿನ ಕೇಂದ್ರ ಇಂಧನ ನಿಯಂತ್ರಣ ಆಯೋಗ, ಲೈನ್ ಇರೋ ಕಂಪನಿಗಳು ತಮ್ಮ ಲೈನಲ್ಲಿ ಎಷ್ಟು ಜಾಗ ಖಾಲಿ ಇದೆ ಅನ್ನೋದನ್ನ ಎಲ್ಲರಿಗೂ ಕಾಣೋ ಹಾಗೆ ಇಂಟರ್‌ನೆಟ್‌ನಲ್ಲಿ ಹಾಕಬೇಕು ಅಂತ ಆದೇಶ ಮಾಡಿತು. ಕಂಪನಿಯ ಲೈನ್ ವಿಭಾಗದವರು ತಮ್ಮದೇ ಮಾರಾಟ ವಿಭಾಗಕ್ಕೆ ಒಳಗಿನ ಸುದ್ದಿ ಕೊಡಬಾರದು ಅಂತಲೂ ಕಟ್ಟು ಹಾಕಿತು.

ನಮ್ಮಲ್ಲೂ ಏನೂ ಇಲ್ಲ ಅಂತಲ್ಲ. ರಾಜ್ಯದಿಂದ ರಾಜ್ಯಕ್ಕೆ ಹೋಗೋ ಲೈನ್‌ಗಳಿಗೆ ಕೇಂದ್ರ ಆಯೋಗ 2008ರಲ್ಲಿ ಮಾಡಿದ ನಿಯಮದಲ್ಲಿ, ಯಾರಿಗೆ ಎಷ್ಟು ಅವಧಿಗೆ ಅನುಮತಿ ಕೊಟ್ಟಿದ್ದೇವೆ ಅನ್ನೋದನ್ನ ಲೋಡ್ ಡಿಸ್ಪ್ಯಾಚ್ ಕೇಂದ್ರಗಳು ವೆಬ್‌ಸೈಟಲ್ಲಿ ಹಾಕಬೇಕು ಅಂತಿತ್ತು. ರಾಜ್ಯದ ಕೇಂದ್ರ ಒಪ್ಪಿಗೆ ಕೊಡದಿದ್ದರೆ ಕಾರಣ ಬರೆದು ತಿಳಿಸಬೇಕಿತ್ತು. 2022ರಿಂದ ಇಂಥ ಅಲ್ಪಾವಧಿ ಅರ್ಜಿಗಳೆಲ್ಲ ‘ನ್ಯಾಷನಲ್ ಓಪನ್ ಆಕ್ಸೆಸ್ ರಿಜಿಸ್ಟ್ರಿ’ ಅನ್ನೋ ಒಂದೇ ಪೋರ್ಟಲ್ ಮೂಲಕ ಹೋಗ್ತವೆ. 2023ರ ಅಕ್ಟೋಬರ್ 1ರಿಂದ ಅಂತರರಾಜ್ಯ ಲೈನ್‌ಗಳಿಗೆ ಹೊಸ ಪದ್ಧತಿಯೇ ಬಂದಿದೆ.

ಇದರ ಜೊತೆಗೆ ಕಾಯ್ದೆಯ 59ನೇ ಸೆಕ್ಷನ್ ಇದೆ. ಲೈಸೆನ್ಸ್ ಇರೋ ಪ್ರತಿ ಕಂಪನಿಯೂ ತಾನು ಕೊಟ್ಟ ಸೇವೆಯ ಮಟ್ಟ ಎಷ್ಟು, ಎಷ್ಟು ಗ್ರಾಹಕರಿಗೆ ಪರಿಹಾರ ಕೊಟ್ಟಿದೆ ಅನ್ನೋ ವರದಿಯನ್ನ ಆಯೋಗಕ್ಕೆ ಸಲ್ಲಿಸಬೇಕು. ಅದನ್ನ ವರ್ಷಕ್ಕೆ ಒಮ್ಮೆಯಾದರೂ ಪ್ರಕಟಿಸೋ ಹೊಣೆ ಆಯೋಗದ್ದು. ಆದರೆ ತಾಲೂಕಿನ ಅಂಗಡಿಯವರಿಗೆ ಬೇಕಿರೋದು ಇಡೀ ಕಂಪನಿಯ ಸರಾಸರಿ ಅಲ್ಲ. ‘ನನ್ನ ಸ್ಟೇಷನ್‌ನಲ್ಲಿ, ನನ್ನ ಫೀಡರ್‌ನಲ್ಲಿ ಎಷ್ಟು ಜಾಗ ಇದೆ’ ಅನ್ನೋದು.

100 ಕಿಲೋವ್ಯಾಟ್ ಬಂತು, ಕೋರ್ಟಲ್ಲಿ ಬಿತ್ತು

ಮೊದಲು ಓಪನ್ ಆಕ್ಸೆಸ್ ಅಂದರೆ 1 ಮೆಗಾವ್ಯಾಟ್ ಮೇಲ್ಪಟ್ಟ ದೊಡ್ಡ ಕಾರ್ಖಾನೆಗಳ ಮಾತಾಗಿತ್ತು. 2022ರ ಜೂನ್ 6ರಂದು ಕೇಂದ್ರ ಸರ್ಕಾರ ಹಸಿರು ವಿದ್ಯುತ್‌ಗೆ ಈ ಮಿತಿಯನ್ನ 100 ಕಿಲೋವ್ಯಾಟ್‌ಗೆ ಇಳಿಸಿತು. ಅಂದರೆ ಸುಮಾರು 134 ಹೆಚ್‌ಪಿ. ಮಧ್ಯಮ ಗಾತ್ರದ ಮಿಲ್ಲು, ಕೋಲ್ಡ್ ಸ್ಟೋರೇಜು, ದೊಡ್ಡ ಕಲ್ಯಾಣ ಮಂಟಪ ಇಷ್ಟಕ್ಕೆ ಬರಬಹುದು. ಅರ್ಜಿಗೆ 15 ದಿನದಲ್ಲಿ ಉತ್ತರ ಕೊಡದಿದ್ದರೆ ಒಪ್ಪಿಗೆ ಸಿಕ್ಕ ಹಾಗೇ ಅಂತಲೂ ನಿಯಮದಲ್ಲಿತ್ತು.

ಆದರೆ 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಏಕಸದಸ್ಯ ಪೀಠ ಈ ನಿಯಮಗಳನ್ನ ರದ್ದು ಮಾಡಿತು. ಅದರ ಆಧಾರದ ಮೇಲೆ ಕೆಇಆರ್‌ಸಿ ಮಾಡಿದ್ದ ನಿಯಮವೂ ಬಿತ್ತು. ಕೋರ್ಟಿಗೆ ಹೋಗಿದ್ದು ಕಿರು ಜಲವಿದ್ಯುತ್ ಕಂಪನಿಗಳು. ಓಪನ್ ಆಕ್ಸೆಸ್ ನಿಯಮ ಮಾಡೋ ಅಧಿಕಾರ ರಾಜ್ಯದ ಆಯೋಗಕ್ಕೆ ಸೇರಿದ್ದು, ಕೇಂದ್ರ ಸರ್ಕಾರಕ್ಕಲ್ಲ ಅನ್ನೋದು ತೀರ್ಪಿನ ಸಾರ.

ಹಾಗಾಗಿ ಸೋಲಾರ್ ಏಜೆಂಟ್ ಬಂದು ‘100 ಕಿಲೋವ್ಯಾಟ್ ಇದ್ದರೆ ಸಾಕು, 15 ದಿನದಲ್ಲಿ ಪಾಸ್’ ಅಂದರೆ ಅಷ್ಟಕ್ಕೇ ಅಡ್ವಾನ್ಸ್ ಕೊಡಬೇಡಿ. ಇವತ್ತು ಯಾವ ನಿಯಮ ಜಾರಿಯಲ್ಲಿದೆ ಅಂತ ಬೆಸ್ಕಾಂನಿಂದ ಬರವಣಿಗೆಯಲ್ಲಿ ತಗೊಳ್ಳಿ.

ಚಿಕ್ಕ ಅಂಗಡಿಯವರಿಗೆ ಇದರಲ್ಲೇನಿದೆ?

‘ನಮ್ಮದು 3 ಕಿಲೋವ್ಯಾಟ್ ಅಂಗಡಿ, ಇದೆಲ್ಲ ದೊಡ್ಡೋರ ವಿಷಯ’ ಅನ್ನಬಹುದು. ಹಾಗಲ್ಲ. ದೊಡ್ಡ ಗಿರಾಕಿಗಳು ಹೊರಗಿಂದ ಕರೆಂಟ್ ತಂದುಕೊಂಡರೆ ಎಸ್ಕಾಂನ ಖರ್ಚು ಉಳಿದವರ ಮೇಲೆ ಬೀಳುತ್ತೆ. ಇದನ್ನ ಸರಿದೂಗಿಸೋಕೇ ಹೋಗೋರಿಂದ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ವಸೂಲಿ ಮಾಡ್ತಾರೆ. ಸ್ವಂತ ಬಳಕೆಗೆ ಉತ್ಪಾದಿಸೋರಿಗೆ, ಅಂದರೆ ‘ಕ್ಯಾಪ್ಟಿವ್’ ಅನ್ನೋರಿಗೆ, ಅದರಿಂದ ವಿನಾಯಿತಿ ಇದೆ. ಬಳಸೋರು ಘಟಕದಲ್ಲಿ ಕನಿಷ್ಠ 26% ಪಾಲು ಹೊಂದಿ, ಕನಿಷ್ಠ 51% ಕರೆಂಟ್ ತಾವೇ ಬಳಸಿದರೆ ಅದು ಕ್ಯಾಪ್ಟಿವ್.

ಎಷ್ಟು ಯೂನಿಟ್ ಹೀಗೆ ಹೋಯಿತು, ಎಷ್ಟು ಸರ್‌ಚಾರ್ಜ್ ಬಂತು, ಎಷ್ಟಕ್ಕೆ ವಿನಾಯಿತಿ ಸಿಕ್ಕಿತು? ಈ ಲೆಕ್ಕ ಎದುರಿಗಿದ್ದರೆ ದರ ಏರಿಸೋವಾಗ ‘ಓಪನ್ ಆಕ್ಸೆಸ್‌ನಿಂದ ನಷ್ಟ’ ಅನ್ನೋ ಮಾತು ನಿಜವೋ ನೆಪವೋ ಗೊತ್ತಾಗುತ್ತೆ. ಅಂಗಡಿ ಬಿಲ್ಲಿಗೂ ಇದಕ್ಕೂ ನಂಟಿರೋದು ಇಲ್ಲಿ.

ಅಂಗಡಿ ಚಾವಣಿ ಮೇಲೆ ಸೋಲಾರ್ ಹಾಕೋರಿಗೂ ಇದೇ ಪ್ರಶ್ನೆ ಎದುರಾಗುತ್ತೆ. 2024ರ ಫೆಬ್ರುವರಿಯ ಕೇಂದ್ರದ ಗ್ರಾಹಕ ಹಕ್ಕು ತಿದ್ದುಪಡಿ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯೇ ಬೇಕಿಲ್ಲ. ಅದಕ್ಕಿಂತ ದೊಡ್ಡದಾದರೆ 15 ದಿನದಲ್ಲಿ ಪರಿಶೀಲನೆ ಮುಗಿಸಬೇಕು. ‘ಟ್ರಾನ್ಸ್‌ಫಾರ್ಮರ್ ಫುಲ್’ ಅಂತ ಬಾಯಿಮಾತಲ್ಲಿ ವಾಪಸ್ ಕಳಿಸಿದರೆ ಸುಮ್ಮನೆ ಬರಬೇಡಿ.

2023ರ ಅಕ್ಟೋಬರ್‌ನಲ್ಲಿ ಬರ, ಕರೆಂಟ್ ಅಭಾವ ಬಂದಾಗ ರಾಜ್ಯ ಸರ್ಕಾರ 11ನೇ ಸೆಕ್ಷನ್ ಬಳಸಿ, ಇಲ್ಲಿನ ಉತ್ಪಾದಕರು ರಾಜ್ಯಕ್ಕೇ ಕರೆಂಟ್ ಕೊಡಬೇಕು ಅಂತ ಆದೇಶ ಮಾಡಿತು. ಅದನ್ನ ಒಪ್ಪೋರೂ ಇದ್ದರು, ಒಪ್ಪದೋರೂ ಇದ್ದರು. ಆದರೆ ಆದೇಶ ಕಾಗದದ ಮೇಲಿತ್ತು, ಕಾರಣವೂ ಇತ್ತು, ಪ್ರಶ್ನೆ ಮಾಡೋಕೆ ದಾರಿ ಇತ್ತು. ಸೆಕ್ಷನ್ ಆಫೀಸಿನ ಬಾಯಿಮಾತಿಗೆ ಅದ್ಯಾವುದೂ ಇರಲ್ಲ.

ಈಗ ಏನು ಮಾಡಬಹುದು?

ಒಂದು, ಅರ್ಜಿ ಏನೇ ಇರಲಿ, ಸ್ವೀಕೃತಿ ತಗೊಳ್ಳಿ. ಇಲ್ಲ ಅಂದರೆ ಕಾರಣ ಬರೆದು ಕೊಡಿ ಅನ್ನಿ.

ಎರಡು, 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ. ನಿಮ್ಮ ಸ್ಟೇಷನ್ ಸಾಮರ್ಥ್ಯ ಎಷ್ಟು, ಈಗಿನ ಲೋಡ್ ಎಷ್ಟು, ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕಾರ ಆದವು ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಮೂರು, ದರ ಪರಿಷ್ಕರಣೆ ಅರ್ಜಿ ಬಂದಾಗ ಕೆಇಆರ್‌ಸಿ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತೆ. ವರ್ತಕರ ಸಂಘ, ಮಿಲ್ ಮಾಲೀಕರು, ರೈತ ಸಂಘ ಒಟ್ಟಾಗಿ ಒಂದೇ ಬೇಡಿಕೆ ಇಡಬಹುದು: ಪ್ರತಿ ಸ್ಟೇಷನ್‌ನ ಲೆಕ್ಕ ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟ ಆಗಲಿ. ಆಯೋಗದ ಆದೇಶ ಮೀರಿದ ಕಂಪನಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕೋ ಅಧಿಕಾರ 142ನೇ ಸೆಕ್ಷನ್‌ನಲ್ಲಿ ಆಯೋಗಕ್ಕಿದೆ.

ಪಡಿತರ ಅಂಗಡಿಯಲ್ಲಿ ದಾಸ್ತಾನು ಎಷ್ಟಿದೆ ಅಂತ ಬೋರ್ಡ್ ಬರೀತಾರೆ. ಸ್ಟೇಷನ್ ಗೇಟಿಗೂ ಅಂಥದ್ದೊಂದು ಬೋರ್ಡ್ ಹಾಕೋಕೆ ದೊಡ್ಡ ಖರ್ಚೇನೂ ಇಲ್ಲ. ಮುಂದಿನ ದರ ವಿಚಾರಣೆ ಹೊತ್ತಿಗೆ ನಮ್ಮ ತಾಲೂಕುಗಳಿಂದ ಈ ಬೇಡಿಕೆ ಬರವಣಿಗೆಯಲ್ಲಿ ಹೋಗಬೇಕು.