ಮೇಳದಲ್ಲಿ ಗಣಕಯಂತ್ರ

ಮೇಳದ ದೀಪಗಳ ಬೆಳಕಿನಲ್ಲಿ ಯಾವ ಯಂತ್ರವೂ ಕುರೂಪವಾಗಿ ಕಾಣುವುದಿಲ್ಲ. ಎರಡು ವರ್ಷಗಳ ಹಿಂದೆ, ಮನೆಯಾಕೆ ಕೂಡಿಟ್ಟ ಹಣವನ್ನು ಜೇಬಿನಲ್ಲಿರಿಸಿಕೊಂಡು, ತಂಗಿಯ ಓದಿಗೊಂದು ಲ್ಯಾಪ್‌ಟಾಪ್ ಕೊಳ್ಳಲು ಇಂತಹದೊಂದು ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಹೋಗಿದ್ದೆ. “ಈ ರಿಯಾಯಿತಿ ಇವತ್ತಿಗೇ ಕೊನೆ, ಸಾರ್” ಎಂಬ ಮಾತಿಗೆ ಮರುಳಾದೆ. ಆರು ತಿಂಗಳಲ್ಲಿ ಯಂತ್ರ ಕುಂಟತೊಡಗಿತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ, ಆಗ ವಿಚಾರಿಸಿದೆ: ಅದರ 4 ಜಿಬಿ ರ‍್ಯಾಮ್ ಒಳಗಿನ ಹಲಗೆಗೇ ಬೆಸೆದದ್ದು; ಹೆಚ್ಚಿಸುವಂತಿರಲಿಲ್ಲ. ತಂಗಿ ಏನೂ ಅನ್ನಲಿಲ್ಲ. ಆ ಮೌನವೇ ನನಗೆ ಪಾಠವಾಯಿತು.

ಆದುದರಿಂದ ವಾಚಕರಲ್ಲಿ ಅರಿಕೆ: ಬೇಕಾದುದನ್ನು ಮನೆಯಲ್ಲಿಯೇ ಬರೆದುಕೊಂಡು ಹೊರಡಿರಿ. ಓದು, ಬರಹ, ಲೆಕ್ಕಪತ್ರಗಳಿಗೆ 8 ಜಿಬಿ ರ‍್ಯಾಮ್ ಕನಿಷ್ಠ; 16 ಇದ್ದರೆ ನೆಮ್ಮದಿ. ಮುಂದೆ ಹೆಚ್ಚಿಸಬಹುದೇ ಎಂದು ಕೇಳಿರಿ. ಸಂಗ್ರಹಕ್ಕೆ ಹಾರ್ಡ್ ಡಿಸ್ಕ್‌ಗಿಂತ ಎಸ್‌ಎಸ್‌ಡಿ ಚುರುಕು. 512 ಜಿಬಿ ಎಂದದ್ದು ತೆರೆಯ ಮೇಲೆ 476 ಎಂದು ಕಂಡರೆ ಗಾಬರಿ ಬೇಡ. ಅದು ಎಣಿಕೆಯ ಕ್ರಮದ ಭೇದ, ಮೋಸವಲ್ಲ. ಹಳೆಯ ಮಾದರಿಯನ್ನು ಅಗ್ಗಕ್ಕೆ ಕೊಡಬಂದರೆ, ಅದರಲ್ಲಿ ವಿಂಡೋಸ್ 11 ನಡೆಯುವುದೇ ಎಂದು ವಿಚಾರಿಸಿರಿ; ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದೇ ಮುಗಿದಿದೆ.

ಪೆಟ್ಟಿಗೆ, ಯಂತ್ರ, ರಸೀದಿ ಮೂರರಲ್ಲಿಯೂ ಕ್ರಮಸಂಖ್ಯೆ ಒಂದೇ ಆಗಿರಲಿ. ಮೇಳ ಮುಗಿದ ಮರುದಿನ ಮಳಿಗೆ ಅಲ್ಲಿರುವುದಿಲ್ಲ. ಅಂಗಡಿಯ ಕಾಯಂ ವಿಳಾಸವನ್ನು ರಸೀದಿಯಲ್ಲಿ ನೋಡಿಕೊಳ್ಳಿರಿ.

ಈ ಸಲ ಚೀಟಿಯನ್ನು ತಂಗಿಯೇ ಬರೆದಿದ್ದಾಳೆ. ನನ್ನ ಪಾಲಿಗೆ ಚೀಲ ಹೊರುವ ಕೆಲಸ ಮಾತ್ರ ಉಳಿದಿದೆ.